ಒಂದೂವರೆ ಮಿಲಿಮೀಟರಿನ ಸೇವಂತಿಗೆ

ಇಬ್ಬರು ಹಿರಿಯರು ಒಂದು ಹೂವಿನ ಅಳತೆಗಾಗಿ ಜಗಳವಾಡುತ್ತಿದ್ದರು. ಒಬ್ಬರು ಹಣೆಗೆ ಭೂತಗನ್ನಡಿ ಕಟ್ಟಿಕೊಂಡಿದ್ದರು, ಇನ್ನೊಬ್ಬರ ಕೈಯಲ್ಲಿ ಚಿಮಟ. ಹೂವೆಂದರೆ ಯಮಾಟೊ ಯುದ್ಧನೌಕೆಯ ಮೂತಿಗೆ ಕೂರಿಸಿದ ಚಿನ್ನದ ಬಣ್ಣದ ಸೇವಂತಿಗೆ; ಜಪಾನಿನ ಚಕ್ರವರ್ತಿ ಮನೆತನದ ಲಾಂಛನ. ಮೇಜಿನ ಮೇಲಿದ್ದ ಯಮಾಟೊ ಅಸಲಿಯ 700ರಲ್ಲಿ ಒಂದು ಪಾಲು, ಉದ್ದ 37 ಸೆಂಟಿಮೀಟರ್ ಚಿಲ್ಲರೆ. ಆ ಲೆಕ್ಕದಲ್ಲಿ ಹೂವು ಸಾಸಿವೆ ಕಾಳಿನಷ್ಟು. ಭೂತಗನ್ನಡಿಯವರ ಪ್ರಕಾರ ಅದು ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್ ಇರಬೇಕು. ಚಿಮಟದವರು ಎರಡಕ್ಕಿಂತ ಕೆಳಗಿಳಿಯಲು ತಯಾರಿಲ್ಲ. ಅನುವಾದ ಮಾಡಿ ಮಾಡಿ ಸೋತ ನನ್ನ ಮಗ, "ಅಪ್ಪ, ಇದು ಇವತ್ತಿಗೆ ಮುಗಿಯೋ ಜಗಳ ಅಲ್ಲ. ಊಟ ಮಾಡ್ಕೊಂಡು ಬರೋಣ" ಎಂದ. ನಾನು ಜಾಗ ಬಿಟ್ಟು ಕದಲಲಿಲ್ಲ.

ಮಗ ಹಮಾಮಾತ್ಸುವಿನ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್. ಅಲ್ಲಿಂದ ಶಿಜುಓಕಾ ನಗರಕ್ಕೆ ರೈಲಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ. ಪ್ರತಿ ಮೇ ತಿಂಗಳಲ್ಲಿ ಅಲ್ಲಿನ ಟ್ವಿನ್ ಮೆಸ್ಸೆ ಭವನದಲ್ಲಿ ಹಾಬಿ ಶೋ ನಡೆಯುತ್ತದೆ. 1959ರಲ್ಲಿ ಶುರುವಾದ ಮೇಳ. ಹೊಸ ಕಿಟ್‌ಗಳನ್ನು ಮೊದಲು ನೋಡುವವರ ಸಾಲು ಕಂಪನಿಗಳ ಮಳಿಗೆಗಳ ಮುಂದೆ ಹನುಮಂತನ ಬಾಲದಂತೆ ಬೆಳೆದಿರುತ್ತದೆ. ಆ ಸಾಲನ್ನು ಬಳಸಿಕೊಂಡು ಆಚೆ ಹೋದರೆ ಸಿಗುವುದೇ ನಾನು ನೋಡಬೇಕೆಂದಿದ್ದ ಭಾಗ: ಮಾಡೆಲರ್‌ಗಳ ಕ್ಲಬ್‌ಗಳ ಜಂಟಿ ಪ್ರದರ್ಶನ. 1990ರಿಂದ ನಡೆಯುತ್ತಿದೆ. ಇನ್ನೂರಕ್ಕೂ ಹೆಚ್ಚು ಕ್ಲಬ್‌ಗಳು, ಒಂದೊಂದಕ್ಕೂ ಬಟ್ಟೆ ಹಾಸಿದ ಉದ್ದನೆಯ ಮೇಜು. ಬಹುಮಾನ, ಪದಕಗಳಿಗಾಗಿ ಯಾರೂ ಬಂದಿಲ್ಲ. ಮಾಡಿದ್ದನ್ನು ತಂದಿಟ್ಟು, ಹಿಂದೆ ಮಡಿಸುವ ಕುರ್ಚಿ ಹಾಕಿಕೊಂಡು ಕೂತು, ಬಂದವರು ತಪ್ಪು ಹುಡುಕಲಿ ಎಂದು ಕಾಯುವುದು. ವಿಮಾನ, ಟ್ಯಾಂಕ್, ಕಾರು, ರೋಬೊ ಎಲ್ಲವೂ ಇದ್ದವು. ನಾನು ಹಡಗುಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡೆ.

ಈ ಜಗಳಗಂಟರ ಕ್ಲಬ್ಬಿನಲ್ಲಿ ಹತ್ತು ಮಂದಿ. ಒಬ್ಬರು ದಂತವೈದ್ಯರು, ಒಬ್ಬರು ಅಂಚೆ ಕಚೇರಿಯಿಂದ ನಿವೃತ್ತರು, ಒಬ್ಬ ಹುಡುಗ ಇನ್ನೂ ಕಾಲೇಜಿನಲ್ಲಿದ್ದಾನೆ. ತಿಂಗಳಿಗೊಮ್ಮೆ ತಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಸೇರುತ್ತಾರೆ. ಈ ಸಲ ಎಲ್ಲರೂ ಕೂಡಿ ಒಂದೇ ಕೆಲಸ ಎಂದು ತೀರ್ಮಾನವಾಗಿತ್ತು: 1945ರ ಏಪ್ರಿಲ್ 6ರಂದು ಯಮಾಟೊ ತನ್ನ ಕೊನೆಯ ಯಾನಕ್ಕೆ ಹೊರಟಾಗ ಜೊತೆಗಿದ್ದ ಇಡೀ ಪಡೆ. ಯಮಾಟೊ, ಯಹಾಗಿ ಎಂಬ ಲಘು ಕ್ರೂಸರ್, ಎಂಟು ಡೆಸ್ಟ್ರಾಯರ್‌ಗಳು. ಹತ್ತು ಹಡಗು, ಹತ್ತು ಜನ. ಯಾರಿಗೆ ಯಾವುದು ಎಂದು ಚೀಟಿ ಎತ್ತಿದರು. ಯಮಾಟೊ ಹೋಗಿದ್ದು ಕಾಲೇಜು ಹುಡುಗನಿಗೆ. ಹಿರಿಯರ ಮುಖ ಹೇಗಾಗಿರಬೇಡ! ಹೂವಿನ ಜಗಳ ಇಷ್ಟು ಜೋರಾಗಲು ಅದೂ ಕಾರಣವಿದ್ದೀತು. ಹಡಗು ಮಾಡಿದವನು ಬಾಯಿ ಬಿಡದೆ ಕೂತಿದ್ದ, ಅದರ ಮೂತಿಯ ಬಗ್ಗೆ ಇನ್ನಿಬ್ಬರು ಮಾತಾಡುತ್ತಲೇ ಇದ್ದರು.

ಮೇಜಿನ ಮೇಲಿನ ಕಡಲನ್ನು ಹಲಗೆಗೆ ಟಿಶ್ಯೂ ಕಾಗದ ಅಂಟಿಸಿ, ಸುಕ್ಕುಗಳನ್ನು ಹಾಗೇ ಒಣಗಲು ಬಿಟ್ಟು, ಮೇಲೆ ನೀಲಿ ಹಸಿರು ಬಳಿದು, ಹೊಳಪಿನ ಜೆಲ್ ಸವರಿ ಮಾಡಿದ್ದರು. ಹಡಗಿನ ಬೆನ್ನ ಹಿಂದೆ ಬಿಳಿ ನೊರೆಯ ಗೀಟು. ಪಟಸ್ತಂಭದಿಂದ ಪಟಸ್ತಂಭಕ್ಕೆ ಎಳೆದ ತಂತಿಗಳು ಕೂದಲಿಗಿಂತ ತೆಳು. ಅದನ್ನು ಮಾಡುವ ಬಗೆಯನ್ನು ಅಂಚೆಯವರು ಅಲ್ಲೇ ತೋರಿಸಿದರು. ಕಿಟ್‌ನ ಬಿಡಿಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬರುತ್ತವಲ್ಲ, ಆ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಮೇಲೆ, ಉರಿಗೆ ತಾಗದಂತೆ, ಹಿಡಿದು ತಿರುಗಿಸಬೇಕು. ಅದು ಹೊಳೆಯಲು ಶುರುವಾದ ಕ್ಷಣದಲ್ಲಿ ಬೆಂಕಿಯಿಂದ ತೆಗೆದು ಎರಡೂ ಕೈಗಳಿಂದ ಎಳೆಯಬೇಕು. ಬೇಗ ಎಳೆದರೆ ತುಂಡಾಗುತ್ತದೆ, ತಡವಾದರೆ ದಾರ ದಪ್ಪವಾಗಿಯೇ ಉಳಿಯುತ್ತದೆ. ಭವನದೊಳಗೆ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಅವರು ಬರಿಗೈಯಲ್ಲೇ ಅಭಿನಯಿಸಿದರು. ಬೆರಳುಗಳು ದೂರವಾದ ವೇಗ ನೋಡಿದರೆ ಅಲ್ಲಿ ನಿಜಕ್ಕೂ ಒಂದು ದಾರ ಹುಟ್ಟಿತೇನೋ ಅನಿಸಬೇಕು. ದಂತವೈದ್ಯರ ಹಡಗಿನ ಮೇಲೆ ನಾವಿಕರೂ ಇದ್ದರು. ಈ ಅಳತೆಯಲ್ಲಿ ಮನುಷ್ಯನ ಎತ್ತರ ಎರಡೂವರೆ ಮಿಲಿಮೀಟರಿಗೂ ಕಮ್ಮಿ. ಆದರೂ ಅವರ ಟೊಪ್ಪಿಗೆಗೆ ಬೇರೆ ಬಣ್ಣ.

ಹಡಗುಗಳ ನಡುವಿನ ಅಂತರ ಮಾತ್ರ ಸುಳ್ಳು. ಇದನ್ನು ಅವರೇ ಮೊದಲು ಒಪ್ಪಿಕೊಂಡರು. ಕಡಲಿನಲ್ಲಿ ಎರಡು ಹಡಗುಗಳ ಮಧ್ಯೆ ಒಂದೂವರೆ ಕಿಲೋಮೀಟರ್ ಬಿಟ್ಟರೆ ಮೇಜಿನ ಮೇಲೆ ಎರಡು ಮೀಟರಿಗೂ ಹೆಚ್ಚು ಬಿಡಬೇಕು. ಹತ್ತು ಹಡಗಿಗೆ ಈ ಭವನದ ಒಂದು ಮೂಲೆಯೇ ಬೇಕಾದೀತು. ಹಾಗಾಗಿ ಎಲ್ಲವನ್ನೂ ಹತ್ತಿರ ತಂದಿದ್ದರು. ಹೂವಿನಲ್ಲಿ ಅರ್ಧ ಮಿಲಿಮೀಟರಿಗೆ ಕಾದಾಡುವವರು ಕಡಲನ್ನೇ ಮಡಚಿಟ್ಟಿದ್ದಕ್ಕೆ ತಲೆಕೆಡಿಸಿಕೊಂಡಿರಲಿಲ್ಲ.

ಸುಜುತ್ಸುಕಿ ಎಂಬ ಡೆಸ್ಟ್ರಾಯರ್ ಅಂಚೆಯವರ ಪಾಲಿಗೆ ಬಂದಿತ್ತು. ಮರುದಿನ, ಏಪ್ರಿಲ್ 7ರಂದು, ಅಮೆರಿಕದ ವಿಮಾನಗಳು ಯಮಾಟೊವನ್ನು ಮುಳುಗಿಸಿದಾಗ ಜೊತೆಗೆ ಯಹಾಗಿ ಮತ್ತು ನಾಲ್ಕು ಡೆಸ್ಟ್ರಾಯರ್‌ಗಳೂ ಹೋದವು. ಸುಜುತ್ಸುಕಿಯ ಮೂತಿ ಬಾಂಬಿಗೆ ಕಿತ್ತುಹೋಯಿತು. ಮುಂದಕ್ಕೆ ಹೋದರೆ ನೀರು ನುಗ್ಗುತ್ತದೆ. ಹಾಗಾಗಿ ಅದು ಹಿಮ್ಮುಖವಾಗಿ ಚಲಿಸುತ್ತಾ ಸಾಸೆಬೊ ಬಂದರನ್ನು ಮುಟ್ಟಿತು. ಕ್ಲಬ್ಬಿನ ತೀರ್ಮಾನ ಹೊರಟ ದಿನದ ದೃಶ್ಯವಾದ್ದರಿಂದ ಮೇಜಿನ ಮೇಲೆ ಇಟ್ಟದ್ದು ಇಡಿಯಾದ ಹಡಗು. ಆದರೆ ಅಂಚೆಯವರು ಮೇಜಿನ ಕೆಳಗಿನಿಂದ ಒಂದು ರಟ್ಟಿನ ಡಬ್ಬಿ ತೆಗೆದು ತೋರಿಸಿದರು. ಒಳಗೆ ಇನ್ನೊಂದು ಸುಜುತ್ಸುಕಿ, ಮೂತಿ ಹರಿದದ್ದು, ನೊರೆಯ ಗೀಟು ತಪ್ಪು ದಿಕ್ಕಿನಲ್ಲಿ. ಯಾರೂ ಕೇಳಿರಲಿಲ್ಲ, ತಾವೇ ಮಾಡಿದ್ದು. ಇಡೀ ಪ್ರದರ್ಶನದಲ್ಲಿ ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದಿಲ್ಲ.

ಶಿಜುಓಕಾದಲ್ಲೇ ಈ ಹುಚ್ಚು ಯಾಕೆ ಎಂಬುದಕ್ಕೆ ಮೂಲ ಮರಗೆಲಸ ಎನ್ನುತ್ತಾರೆ. ಟೊಕುಗಾವಾ ಷೋಗುನರ ಕಾಲದಲ್ಲಿ ಇಲ್ಲಿನ ದೊಡ್ಡ ದೇವಸ್ಥಾನಗಳನ್ನು ಕಟ್ಟಲು ಬಂದ ಬಡಗಿಗಳು ಇಲ್ಲೇ ನೆಲೆ ನಿಂತರಂತೆ. ಇಪ್ಪತ್ತನೇ ಶತಮಾನದಲ್ಲಿ ಅದೇ ಊರು ಮರದ ಮಾದರಿ ವಿಮಾನ, ಹಡಗುಗಳನ್ನು ಮಾಡತೊಡಗಿತು. ಟಾಮಿಯಾ ಕಂಪನಿ 1946ರಲ್ಲಿ ಮರ ಕೊಯ್ಯುವ ಮಿಲ್ಲಾಗಿ ಹುಟ್ಟಿದ್ದು. ಪ್ಲಾಸ್ಟಿಕ್ ಬಂದಾಗ ಎಲ್ಲರೂ ಮರ ಬಿಟ್ಟರು. 1960ರಲ್ಲಿ ಟಾಮಿಯಾದ ಮೊದಲ ಪ್ಲಾಸ್ಟಿಕ್ ಕಿಟ್ ಹೊರಬಂತು. ಅದೂ ಯಮಾಟೊ, 1/800 ಅಳತೆ. ಪ್ರತಿಸ್ಪರ್ಧಿ ಕಂಪನಿ ತನ್ನ ಯಮಾಟೊವನ್ನು 350 ಯೆನ್ನಿಗೆ ಮಾರುತ್ತಿದ್ದುದರಿಂದ ಇವರೂ ಅದೇ ಬೆಲೆಗೆ ಇಳಿದು ಕೈ ಸುಟ್ಟುಕೊಂಡರು. ಇವತ್ತು ಜಪಾನಿನ ಪ್ಲಾಸ್ಟಿಕ್ ಮಾದರಿಗಳಲ್ಲಿ ಬಹುಪಾಲು ಈ ಸೀಮೆಯವೇ. ಊರಿಗೂ ಅದರ ಗರ್ವ ಇದೆ: ನಗರದ ಬೀದಿಯಲ್ಲಿ ಒಂದು ಅಂಚೆ ಪೆಟ್ಟಿಗೆ, ಜೋಡಿಸದ ಕಿಟ್‌ನ ಹಾಗೆ ಬಿಡಿಭಾಗಗಳ ಚೌಕಟ್ಟಿನೊಳಗೆ ನಿಂತಿದೆ. ಕಾಗದ ಹಾಕಬಹುದು, ಹೋಗಿ ತಲುಪುತ್ತದೆ.

1971ರಲ್ಲಿ ಇದೇ ಸೀಮೆಯ ನಾಲ್ಕು ಕಂಪನಿಗಳು, ಟಾಮಿಯಾ, ಅಓಶಿಮಾ, ಹಸೆಗಾವಾ ಮತ್ತು ಫುಜಿಮಿ, ಒಂದು ಒಪ್ಪಂದಕ್ಕೆ ಬಂದವು. ಜಪಾನಿನ ಹಳೆಯ ಚಕ್ರಾಧಿಪತ್ಯದ ನೌಕಾಪಡೆಯ ಹಡಗುಗಳನ್ನು ಹಂಚಿಕೊಂಡು, ಎಲ್ಲರೂ 1/700 ಅಳತೆಯಲ್ಲೇ, ನೀರಿನ ಮಟ್ಟದಿಂದ ಮೇಲಿನ ಭಾಗವನ್ನಷ್ಟೇ ಮಾಡುವುದು. ಯಮಾಟೊ ಟಾಮಿಯಾಕ್ಕೆ, ನಾಗಾಟೊ ಅಓಶಿಮಾಕ್ಕೆ, ಅಕಾಗಿ ಹಸೆಗಾವಾಕ್ಕೆ, ಹೀಗೆ. ವಾಟರ್‌ಲೈನ್ ಸೀರೀಸ್ ಎಂದು ಹೆಸರು. ಅಡಿಭಾಗ ಇಲ್ಲದ್ದರಿಂದ ಹಡಗು ಮೇಜಿನ ಮೇಲೆ ಇಟ್ಟ ತಕ್ಷಣ ಮೇಜೇ ಕಡಲಾಗುತ್ತದೆ. ಎಲ್ಲವೂ ಒಂದೇ ಅಳತೆಯಾದ್ದರಿಂದ ಒಬ್ಬ ಮಾಡಿದ ಹಡಗಿನ ಪಕ್ಕಕ್ಕೆ ಇನ್ನೊಬ್ಬ ಮಾಡಿದ್ದನ್ನು ಇಡಬಹುದು. ಈ ಹತ್ತು ಜನರ ಕ್ಲಬ್ ಸಾಧ್ಯವಾಗಿದ್ದೇ ಆ ನಾಲ್ಕು ಕಂಪನಿಗಳು ಒಂದು ಕಾಲದಲ್ಲಿ ಎದುರುಬದುರು ಕೂತು ಪಟ್ಟಿ ಹಂಚಿಕೊಂಡದ್ದರಿಂದ. 1992ರಲ್ಲಿ ಫುಜಿಮಿ ಕೂಟ ಬಿಟ್ಟಿತು. ಅದು ಮಾಡುತ್ತಿದ್ದ ಹಡಗುಗಳನ್ನು ಉಳಿದ ಮೂವರು ಮತ್ತೆ ಹೊಸದಾಗಿ ಅಚ್ಚು ಹೊಯ್ದು ತುಂಬಿಸಿದರು, ಫುಜಿಮಿ ತನ್ನ ದಾರಿಯಲ್ಲಿ ತಾನು ಹೊಸ ಹಡಗು ಮಾಡಿತು. ದಾಯಾದಿಗಳ ಮುನಿಸಿನಿಂದ ಗಿರಾಕಿಗಂತೂ ನಷ್ಟವಾಗಲಿಲ್ಲ. ಒಂದೇ ಹಡಗಿಗೆ ಎರಡು ಕಿಟ್ ಸಿಕ್ಕವು, ಯಾವುದು ಸರಿ ಎಂಬ ವಾದವೂ ಪುಕ್ಕಟೆಯಾಗಿ ಸಿಕ್ಕಿತು.

ಇತರ ಕಡೆಯೂ ಜನ ಗುಂಪುಗೂಡಿ ಹಡಗು ಮಾಡಿದ್ದಾರೆ. ಅಮೆರಿಕದ ಫ್ಲೆಚರ್ ಪ್ರ್ಯಾಟ್ ಎಂಬ ಬರಹಗಾರ 1930ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಗೆಳೆಯರನ್ನು ಕಟ್ಟಿಕೊಂಡು, ಬಾಲ್ಸಾ ಮರದಲ್ಲಿ 1/600 ಅಳತೆಯ ಯುದ್ಧನೌಕೆಗಳನ್ನು ಕೆತ್ತಿ, ನೆಲದ ಮೇಲೆ ಹರಡಿ ಕದನ ಆಡುತ್ತಿದ್ದ. ನಿಯಮಗಳ ಪುಸ್ತಕವನ್ನೇ 1940ರಲ್ಲಿ ಅಚ್ಚು ಹಾಕಿಸಿದ. ಇಂಗ್ಲೆಂಡಿನ ಸ್ಕಾರ್ಬರೊ ಊರಿನ ಪೀಸ್‌ಹೋಮ್ ಪಾರ್ಕಿನ ಕೆರೆಯಲ್ಲಿ 1927ರಿಂದ ಮಾದರಿ ಯುದ್ಧನೌಕೆಗಳ ಕಾಳಗ ನಡೆಯುತ್ತಿದೆ. ಅವು ಎಷ್ಟು ದೊಡ್ಡವೆಂದರೆ ಒಳಗೆ ಸ್ಥಳೀಯ ಆಡಳಿತದ ನೌಕರರೇ ಕೂತು ಓಡಿಸುತ್ತಾರೆ. ಎರಡನೇ ಮಹಾಯುದ್ಧದ ನಂತರ ಅಲ್ಲಿ ರಿವರ್ ಪ್ಲೇಟ್ ಕದನವನ್ನು ಆಡಿಸತೊಡಗಿದರು. 1939ರಲ್ಲಿ ಜರ್ಮನಿಯ ಗ್ರಾಫ್ ಶ್ಪೇ ಹಡಗನ್ನು ಮೂರು ಕ್ರೂಸರ್‌ಗಳು ಅಟ್ಟಿದ ಕದನ ಅದು. ಆ ಮೂರರಲ್ಲಿ ಒಂದಾದ ಅಕಿಲೀಸ್, 1948ರಲ್ಲಿ ನಮ್ಮ ನೌಕಾಪಡೆಗೆ ಬಂದು 'ದೆಹಲಿ' ಆಯಿತು, 1961ರ ಗೋವಾ ಕಾರ್ಯಾಚರಣೆಯಲ್ಲೂ ಇತ್ತು, 1978ರವರೆಗೆ ದುಡಿಯಿತು. ನಮ್ಮಲ್ಲಿ ಎಷ್ಟು ಜನಕ್ಕೆ ಇದು ನೆನಪಿದೆಯೋ ಕಾಣೆ. ಇರಲಿ. ಆ ಗುಂಪುಗಳಿಗೆ ಹಡಗು ಆಟದ ಸಾಮಾನು. ಶಿಜುಓಕಾದವರು ಆಡುವುದಿಲ್ಲ. ಮೇಜಿನ ಮೇಲಿಟ್ಟು, ಇದು ಹೀಗಿತ್ತೇ ಹಾಗಿತ್ತೇ ಎಂದು ಕೂತುಬಿಡುತ್ತಾರೆ.

ಅದರಲ್ಲೂ ಬೂದು ಬಣ್ಣದ ವಿಷಯ ತೆಗೆದರೆ ಮುಗಿಯಿತು. ಹತ್ತು ಜನ ಹಡಗು ಹಂಚಿಕೊಂಡ ಮೇಲೆ ಮೊದಲು ಬಂದ ಪ್ರಶ್ನೆ ಬಣ್ಣದ್ದು. ಸಮರನೌಕೆ ಎಂದರೆ ಬೂದು, ಅದರಲ್ಲಿ ಕೇಳುವುದೇನಿದೆ ಎಂದುಕೊಳ್ಳುವವರು ಅವರ ಮುಂದೆ ಹಾಗೆ ಹೇಳದಿರುವುದು ಕ್ಷೇಮ. ಜಪಾನಿನ ನೌಕಾಪಡೆಗೆ ಕುರೆ, ಸಾಸೆಬೊ, ಯೊಕೊಸುಕಾ, ಮೈಜುರು ಎಂದು ನಾಲ್ಕು ದೊಡ್ಡ ಹಡಗುಕಟ್ಟೆಗಳಿದ್ದವು. ಬಿಳಿ, ಕಪ್ಪು ವರ್ಣದ್ರವ್ಯ ಬೆರೆಸಿ ಬೂದು ತಯಾರಿಸುವಾಗ ಒಂದೊಂದು ಕಟ್ಟೆಯ ಹದ ಒಂದೊಂದು ರೀತಿ ಎಂಬುದು ಮಾಡೆಲರ್‌ಗಳ ನಂಬಿಕೆ. ಬಣ್ಣದ ಕಂಪನಿಗಳು ಈ ನಂಬಿಕೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿವೆ ಎಂದರೆ, ಅಂಗಡಿಯಲ್ಲಿ ಕುರೆ ಬೂದು, ಸಾಸೆಬೊ ಬೂದು, ಮೈಜುರು ಬೂದು, ಯೊಕೊಸುಕಾ ಬೂದು ಎಂದು ನಾಲ್ಕು ಬೇರೆ ಶೀಶೆಗಳೇ ಸಿಗುತ್ತವೆ. ನಾಲ್ಕನ್ನೂ ಬಳಿದ ಪ್ಲಾಸ್ಟಿಕ್ ಚಮಚಗಳನ್ನು ದಂತವೈದ್ಯರು ನನ್ನ ಮುಂದೆ ಸಾಲಾಗಿ ಇಟ್ಟರು. ಎರಡು ಬೇರೆ ಎಂದು ನನಗೂ ತಿಳಿಯಿತು. ಉಳಿದೆರಡು ಬೇರೆ ಎಂದು ಅವರ ಮಾತಿನ ಮೇಲೆ ಒಪ್ಪಿಕೊಂಡೆ.

ತೊಡಕು ಅಷ್ಟಕ್ಕೆ ನಿಲ್ಲುವುದಿಲ್ಲ. ಯಮಾಟೊ ಕುರೆಯಲ್ಲೇ ಹುಟ್ಟಿದ್ದು, ಅದಕ್ಕೆ ಕುರೆ ಬೂದು ಸರಿ. ಆದರೆ ಸಾಸೆಬೊದಲ್ಲಿ ಹುಟ್ಟಿ ಕುರೆಯಲ್ಲಿ ರಿಪೇರಿಯಾದ ಹಡಗು? ರಿಪೇರಿಗೆ ಹೋದಾಗ ಇಡೀ ಹಡಗಿಗೆ ಬಳಿದರೋ, ಕೆಟ್ಟ ಜಾಗಕ್ಕಷ್ಟೇ ತೇಪೆ ಹಚ್ಚಿದರೋ? ಕಡಲ ಬಿಸಿಲಿಗೆ ಎರಡು ವರ್ಷ ಬೆಂದ ಮೇಲೆ ಯಾವ ಬೂದು ಯಾವ ಬೂದಾಗಿ ಉಳಿದೀತು? ಫೋಟೊಗಳೆಲ್ಲ ಕಪ್ಪುಬಿಳುಪು, ಅದರಲ್ಲೂ ಫಿಲ್ಮಿನ ಜಾತಿ ಬದಲಾದರೆ ಬೂದಿನ ಗಾಢತೆಯೂ ಬದಲಾಗುತ್ತದೆ. ಇದರ ಮೇಲೆ ಗಾಳಿಯ ಸಿದ್ಧಾಂತ ಎಂದು ಒಂದಿದೆ. 1/700 ಹಡಗನ್ನು ಮೂವತ್ತು ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ ಅಸಲಿಯನ್ನು 210 ಮೀಟರ್ ದೂರದಿಂದ ನೋಡಿದಂತೆ. ಅಷ್ಟು ದೂರದಲ್ಲಿ ನಡುವಿನ ಗಾಳಿಯಿಂದಾಗಿ ಬಣ್ಣ ತೆಳುವಾಗಿ ಕಾಣುತ್ತದೆ. ಆದ್ದರಿಂದ ಶೀಶೆಯ ಬಣ್ಣಕ್ಕೆ ಇಂತಿಷ್ಟು ಬಿಳಿ ಬೆರೆಸಬೇಕು ಎಂದು ಒಂದು ಪಂಥ. ನೋಡುವವನ ಕಣ್ಣಿಗೆ ಗಾಳಿಯನ್ನು ನೀನ್ಯಾಕೆ ಬಳಿದುಕೊಡುತ್ತೀಯ ಎಂದು ಇನ್ನೊಂದು ಪಂಥ. ದ್ವೈತ ಅದ್ವೈತದ ವಾದ ಕೇಳಿ ಬೆಳೆದ ನಾಡಿನವನಾದ ನಾನು ಇದನ್ನು ಬಲು ಸಂತೋಷದಿಂದ ಕೇಳಿದೆ. ನನ್ನ ಮತ ಎರಡನೆಯವರಿಗೆ.

ಕ್ಲಬ್ಬಿನವರು ಕೊನೆಗೆ ಕಂಡುಕೊಂಡ ಪರಿಹಾರ ಅಡುಗೆಮನೆಯ ಮಟ್ಟದ್ದು. ಒಂದೇ ದೊಡ್ಡ ಶೀಶೆಯಲ್ಲಿ ಬಣ್ಣ ಬೆರೆಸಿ ಹತ್ತು ಜನ ಹಂಚಿಕೊಂಡರು. ಸರಿಯೋ ತಪ್ಪೋ, ಎಲ್ಲರದೂ ಒಂದೇ ತಪ್ಪು. ಆಮೇಲೆ ಒಬ್ಬರು ಮನೆಯಲ್ಲಿ ಗುಟ್ಟಾಗಿ ಎರಡು ತೊಟ್ಟು ಬಿಳಿ ಬೆರೆಸಿಕೊಂಡದ್ದು ಬೆಳಕಿಗೆ ಬಂತಂತೆ. ಯಾವ ಹಡಗು ಎಂದು ನನಗೆ ಹೇಳಲಿಲ್ಲ, ನೀವೇ ಹುಡುಕಿ ಎಂದರು. ಭೂತಗನ್ನಡಿ ಇಸಿದುಕೊಂಡು ನೋಡಿದರೂ ಸಿಗಲಿಲ್ಲ.

ಮಗನ ಹಸಿವು ಅಷ್ಟರಲ್ಲಿ ತಾಳ್ಮೆಯನ್ನು ಮೀರಿತ್ತು. "ಇಷ್ಟೆಲ್ಲ ಯಾಕೆ, ಯಮಾಟೊದ ನಕ್ಷೆ ತೆಗೆದು ನೋಡಿದ್ರೆ ಆಗಲ್ವಾ?" ಎಂದು ನನ್ನಲ್ಲಿ ಕೇಳಿದ. ಅದೇ ಪ್ರಶ್ನೆಯನ್ನು ಜಪಾನಿಯಲ್ಲಿ ಅವರಿಗೇ ಕೇಳು ಎಂದೆ. ಕೇಳಿದ. ಮೇಜಿನ ಹಿಂದಿನ ಎಲ್ಲರೂ ಒಟ್ಟಿಗೆ ನಕ್ಕರು.

ನಕ್ಷೆಗಳೆಲ್ಲಿವೆ? ಯಮಾಟೊವನ್ನು ಕಟ್ಟಿದ್ದೇ ಮುಚ್ಚುಮರೆಯಲ್ಲಿ. ಅದರ ಜೋಡಿ ಮುಸಾಶಿಯನ್ನು ನಾಗಾಸಾಕಿಯಲ್ಲಿ ಕಟ್ಟುವಾಗ, ಊರಿನ ಕಣ್ಣಿಗೆ ಬೀಳದಿರಲೆಂದು ತಾಳೆ ಜಾತಿಯ ಮರದ ನಾರಿನಿಂದ ಹೊಸೆದ ಪರದೆ ಇಳಿಬಿಟ್ಟಿದ್ದರು. 46 ಸೆಂಟಿಮೀಟರ್ ಬಾಯಿಯ ಒಂಬತ್ತು ಫಿರಂಗಿಗಳಿವೆ ಎಂಬುದು ಸ್ವಂತ ಜನಕ್ಕೂ ಗೊತ್ತಿರಲಿಲ್ಲ. 1945ರಲ್ಲಿ ಸೋಲು ಖಚಿತವಾದಾಗ ನೌಕಾಪಡೆ ತನ್ನ ಕಾಗದಪತ್ರಗಳಿಗೆ ಬೆಂಕಿ ಇಟ್ಟಿತು. ಉಳಿದದ್ದು ಬೆರಳೆಣಿಕೆಯ ಫೋಟೊಗಳು. 1941ರ ಅಕ್ಟೋಬರಿನಲ್ಲಿ ಸುಕುಮೊ ಕೊಲ್ಲಿಯ ಬಳಿ ಪರೀಕ್ಷಾರ್ಥ ಓಡಿಸುವಾಗ ತೆಗೆದ ಒಂದು ಚಿತ್ರ, ದಾಳಿ ಮಾಡಿದ ಅಮೆರಿಕನ್ನರು ಮೇಲಿನಿಂದ ತೆಗೆದ ಕೆಲವು, ಯುದ್ಧಾನಂತರ ಅಮೆರಿಕದ ತಾಂತ್ರಿಕ ತಂಡ ಬರೆದಿಟ್ಟ ವರದಿ, ಹಡಗು ಕಟ್ಟಿದ ಎಂಜಿನಿಯರುಗಳು ಅಡಗಿಸಿಟ್ಟ ಕೆಲವು ಹಾಳೆ, ಅವರ ನೆನಪು. ನೌಕಾ ಎಂಜಿನಿಯರ್ ಆಗಿದ್ದ ಫುಕುಯಿ ಶಿಜುಓ ಜೀವಮಾನವಿಡೀ ಕೂಡಿಹಾಕಿದ ಹಡಗುಗಳ ಫೋಟೊ ಸಂಗ್ರಹ ಇವತ್ತು ಕುರೆಯ ವಸ್ತುಸಂಗ್ರಹಾಲಯದಲ್ಲಿದೆ.

ಹಾಗಾಗಿ ಈಗ ಅಂಗಡಿಯಲ್ಲಿ ಸಿಗುವ ಯಮಾಟೊ, ಸುಟ್ಟುಹೋದ ನಕ್ಷೆಗಳ ಜಾಗದಲ್ಲಿ ಸಾವಿರಾರು ಹವ್ಯಾಸಿಗಳು ಮತ್ತು ಕೆಲವೇ ವಿದ್ವಾಂಸರು ಕೂಡಿ ಊಹಿಸಿ, ತಿದ್ದಿ, ಮತ್ತೆ ತಿದ್ದಿ ಕಟ್ಟಿದ ಹಡಗು. ಟಾಮಿಯಾ ತನ್ನ 1/700 ಯಮಾಟೊವನ್ನು 1998ರಲ್ಲಿ ಹೊಸದಾಗಿ ಮಾಡಿತು, 1978ರ ದೊಡ್ಡ 1/350 ಕಿಟ್ ಅನ್ನು 2011ರಲ್ಲಿ. ಹಳೆಯ ಅಚ್ಚು ಸವೆದಿತ್ತೆಂಬುದು ಒಂದು ಕಾರಣವಾದರೆ, ಹಳೆಯ ಊಹೆ ಸವೆದಿತ್ತೆಂಬುದು ಇನ್ನೊಂದು. ಸರ್ಕಾರ ಸುಟ್ಟದ್ದನ್ನು ಜನ ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಕೂತು ಮತ್ತೆ ಕೂಡಿಸಿದರು ಎಂಬುದು ನನಗೆ ಹಡಗಿಗಿಂತ ದೊಡ್ಡ ವಿಷಯವಾಗಿ ಕಂಡಿತು. ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಸಂಶೋಧನೆ ಎನ್ನುತ್ತಾರೆ, ಸಂಬಳವನ್ನೂ ಕೊಡುತ್ತಾರೆ.

ಇನ್ನು ಹೂವು. ಸೇವಂತಿಗೆಯ ವ್ಯಾಸ ಒಂದೂವರೆ ಮೀಟರ್ ಎಂದು ಬಹುಕಾಲ ಎಲ್ಲರೂ ನಂಬಿದ್ದರು. 1985ರಲ್ಲಿ ಮುಳುಗಿದ ಯಮಾಟೊ ಸಿಕ್ಕಿತು. ಮುಂದೆ ಕಡಲಾಳಕ್ಕೆ ಇಳಿದು ಅಳೆದು ನೋಡಿದಾಗ ಅದು ಒಂದು ಮೀಟರ್ ಅಷ್ಟೇ ಎಂದು ಗೊತ್ತಾಯಿತು. 2005ರಲ್ಲಿ ಕುರೆಯಲ್ಲಿ ತೆರೆದ ಯಮಾಟೊ ವಸ್ತುಸಂಗ್ರಹಾಲಯದ ನಡುಮನೆಯಲ್ಲಿ 1/10 ಅಳತೆಯ ಯಮಾಟೊ ಇದೆ, 26.3 ಮೀಟರ್ ಉದ್ದ. ಅದನ್ನು ಮಾಡಿದ್ದು ಆಟಿಕೆಯವರಲ್ಲ, ನಿಜವಾದ ಹಡಗುಕಟ್ಟೆಯವರು. ಕಡಲಾಳದ ಅಳತೆಗಳು ಅದರಲ್ಲಿ ಸೇರಿಕೊಂಡವು. ಒಂದು ಮೀಟರನ್ನು 700ರಿಂದ ಭಾಗಿಸಿದರೆ 1.4 ಮಿಲಿಮೀಟರ್; ಹಳೆಯ ಒಂದೂವರೆ ಮೀಟರಾದರೆ 2.1. ಭೂತಗನ್ನಡಿಯವರ ಹತ್ತಿರ ಕಡಲಾಳದ ಸಾಕ್ಷಿ ಇತ್ತು. ಚಿಮಟದವರಿಗೂ ಆ ಸಾಕ್ಷಿ ಗೊತ್ತಿತ್ತು. ಅವರ ತಕರಾರು ಬೇರೆ. ಹತ್ತು ವರ್ಷದ ಹುಡುಗನಾಗಿದ್ದಾಗ ಅಪ್ಪ ತಂದುಕೊಟ್ಟ ಯಮಾಟೊ ಮೇಲೆ ಹೂವು ಎದ್ದು ಕಾಣುವಷ್ಟಿತ್ತು, ತಮ್ಮ ಕಣ್ಣಿಗೆ ಯಮಾಟೊ ಎಂದರೆ ಅದೇ, ಕಡಲಾಳದಲ್ಲಿ ಏನು ಬಿದ್ದಿದೆಯೋ ಅದು ಕಡಲಾಳದ ವಿಷಯ ಎಂದರು. ಹುಡುಗ ಮಾತ್ರ 1.4ನ್ನೇ ಅಂಟಿಸಿದ್ದ. ಸಾಸಿವೆಯ ಮೇಲೆ ಹದಿನಾರು ಎಸಳೂ ಇದ್ದವು.

ಈ ಅಕ್ಕರೆಯ ನಡುವೆ ನನಗೆ ಒಂದು ಇರುಸುಮುರುಸು ಕಾಡುತ್ತಲೇ ಇತ್ತು. ಯಮಾಟೊ ಮೇಲೆ 3,332 ಜನರಿದ್ದರು, ಬದುಕಿ ಬಂದವರು 276. ಹಿಂತಿರುಗುವ ಲೆಕ್ಕವೇ ಇಲ್ಲದೆ ಕಳಿಸಿದ ಯಾನ ಅದು. ಮೇಜಿನ ಮೇಲೆ ನೊರೆ ಬೆಳ್ಳಗಿದೆ, ಡೆಕ್ಕಿನ ಮರದ ಪಟ್ಟಿಗಳು ಒಂದಕ್ಕೊಂದು ತುಸು ಬೇರೆ ಛಾಯೆಯಲ್ಲಿವೆ, ಎಲ್ಲವೂ ಮುದ್ದಾಗಿದೆ. ಕೊಲ್ಲಲೆಂದೇ ಕಟ್ಟಿದ ವಸ್ತು ಅಂಗೈಯಲ್ಲಿ ಹಿಡಿಸುವಂತಾದರೆ ಅದರ ಪಾಪವೂ ಅಳತೆಗೆ ತಕ್ಕಂತೆ ಕುಗ್ಗಿಬಿಡುತ್ತದೆಯೇ? ದಂತವೈದ್ಯರನ್ನು ಕೇಳಿದೆ. ಅವರ ದೊಡ್ಡಪ್ಪ ನೌಕಾಪಡೆಯಲ್ಲಿದ್ದು ತೀರಿಹೋದವರಂತೆ. ಹಡಗಿನ ಹೆಸರು ಹೇಳಲಿಲ್ಲ. "ಅದನ್ನು ನಾನು ಇನ್ನೂ ಮಾಡಿಲ್ಲ. ಕಿಟ್ ಇದೆ, ತೆರೆದಿಲ್ಲ" ಎಂದಷ್ಟೇ ಹೇಳಿ ಚಮಚಗಳನ್ನು ಒಟ್ಟು ಮಾಡಿದರು. ಅವರ ಉತ್ತರ ನನ್ನ ಪ್ರಶ್ನೆಗೆ ಉತ್ತರವಲ್ಲ, ಆದರೆ ಎರಡನೇ ಸಲ ಕೇಳುವ ಧೈರ್ಯ ನನಗೆ ಬರಲಿಲ್ಲ.

ಊಟ ಮುಗಿಸಿ ಬಂದಾಗ ಸಾಲಿನ ಕೊನೆಯ ಮೇಜಿನಲ್ಲಿ ಬೇರೆಯೇ ಪೀಳಿಗೆ. 2013ರಲ್ಲಿ 'ಕಾಂತಾಯ್ ಕಲೆಕ್ಷನ್' ಎಂಬ ಕಂಪ್ಯೂಟರ್ ಆಟ ಬಂತು. ಅದರಲ್ಲಿ ಹಳೆಯ ಯುದ್ಧನೌಕೆಗಳೆಲ್ಲ ಹುಡುಗಿಯರು. ಫಿರಂಗಿಗಳನ್ನು ಬೆನ್ನಿಗೆ, ಸೊಂಟಕ್ಕೆ ಕಟ್ಟಿಕೊಂಡ ಹುಡುಗಿಯರು. ಇಂಥದ್ದೊಂದು ಯೋಚನೆ ಯಾರಿಗೆ ಹೇಗೆ ಹೊಳೆಯಿತೋ, ನನ್ನ ವಯಸ್ಸಿನವನಿಗೆ ಇದು ಅರಗುವ ತಿಂಡಿಯಲ್ಲ. ಆದರೆ ಆ ಆಟದಿಂದಾಗಿ ಹಡಗಿನ ಹೆಸರೇ ಕೇಳದಿದ್ದ ಹುಡುಗ ಹುಡುಗಿಯರು ಕಿಟ್ ಕೊಳ್ಳತೊಡಗಿದರು. ಅಓಶಿಮಾ ಆಟದ ಚಿತ್ರಗಳನ್ನೇ ಡಬ್ಬಿಯ ಮೇಲೆ ಹಾಕಿ ಮಾರಿತು. ಈ ಮೇಜಿನಲ್ಲಿ ಕೂತಿದ್ದ ಇಪ್ಪತ್ತೈದರ ಆಸುಪಾಸಿನ ಹುಡುಗಿಯೊಬ್ಬಳು ರ್ಯೂಜೊ ಎಂಬ ವಿಮಾನವಾಹಕ ನೌಕೆ ಮಾಡಿ ತಂದಿದ್ದಳು. ಮೇಲುಭಾರದ, ಮುಗ್ಗರಿಸಿ ಬೀಳುವಂತೆ ಕಾಣುವ ಹಡಗು. ಪಕ್ಕದಲ್ಲಿ ಅದೇ ಹಡಗಿನ ಹುಡುಗಿ ಅವತಾರದ ಚೀಟಿ.

ರ್ಯೂಜೊ ಎಂದು ಓದಿದಾಗ ನಾನು ನಿಂತೆ. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬ್ ಹಾಕಿದ್ದು ಇದೇ ಹಡಗಿನಿಂದ ಹಾರಿದ ವಿಮಾನಗಳು. ಆ ವಾರ ಪೂರ್ವ ಕರಾವಳಿ ಪೂರ್ತಿ ತತ್ತರಿಸಿತು. ಮದರಾಸಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಒಳನಾಡಿಗೆ ಓಡಿದರು, ಕಚೇರಿಗಳು ಖಾಲಿಯಾದವು, ಬಾಂಬಿಗೆ ಬೋನು ಒಡೆದರೆ ಗತಿಯೇನು ಎಂದು ಅಲ್ಲಿನ ಮೃಗಾಲಯದ ಕ್ರೂರ ಪ್ರಾಣಿಗಳನ್ನು ಗುಂಡಿಟ್ಟು ಕೊಂದರು. ಇದನ್ನೆಲ್ಲ ಮಗನ ಬಾಯಲ್ಲಿ ಅವಳಿಗೆ ಹೇಳಿಸಿದೆ. ಮುಖ ಬಾಡೀತು, ಕ್ಷಮೆ ಕೇಳ್ಯಾಳು ಎಂದು ಒಳಗೊಳಗೆ ನಿರೀಕ್ಷೆ ಇತ್ತು ನೋಡಿ, ಅದು ಸುಳ್ಳಾಯಿತು. ಹಿಂದೂ ಮಹಾಸಾಗರದ ದಾಳಿ ಅವಳಿಗೆ ಗೊತ್ತಿತ್ತು, ಅದೇ ವರ್ಷ ಆಗಸ್ಟಿನಲ್ಲಿ ರ್ಯೂಜೊ ಮುಳುಗಿದ ತಾರೀಖೂ ಗೊತ್ತಿತ್ತು. ಊರುಗಳ ಹೆಸರು ಮಾತ್ರ ಹೊಸದು. ನಿಧಾನ ಹೇಳಿಸಿ, ಎರಡನ್ನೂ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು.

ಆಮೇಲೆ ಕೇಳಿದಳು: ಆ ದಿನ ದಡದಿಂದ ಯಾರಾದರೂ ಫೋಟೊ ತೆಗೆದಿದ್ದಾರೆಯೇ, ಹಡಗಿನ ಬೂದು ಕಾಣುವಂಥದ್ದು?

ಹಡಗು ದೂರ ಕಡಲಲ್ಲಿತ್ತು, ಊರಿನವರಿಗೆ ಕಂಡದ್ದು ವಿಮಾನಗಳಷ್ಟೇ ಇರಬೇಕು ಎಂದೆ. ಮಗ ಅದನ್ನು ಹೇಳಿ ಮುಗಿಸುವ ಮೊದಲೇ ಅವಳು ಪೆನ್ನಿನ ಮುಚ್ಚಳ ತೆಗೆದಿದ್ದಳು.

"ಹಾಗಾದರೆ ವಿಮಾನದ ಬಾಲದ ಮೇಲೆ ಪಟ್ಟಿ ಎಷ್ಟಿತ್ತು? ಯಾವ ಬಣ್ಣ? ಕಂಡವರು ಯಾರಾದರೂ ಇನ್ನೂ ಇದ್ದಾರಾ?"